ಪುಟ್ಟ ಅನಲಾಗ್ ಸಿಂಥಸೈಜರ್: ಕೊಳ್ಳುವ ಮುನ್ನ ತುಸು ಯೋಚಿಸಿ

ಒಂದು ಕಂಪ್ಯೂಟರ್, ಆಡಿಯೊ ಇಂಟರ್‌ಫೇಸ್, ಮೈಕ್, ಮಿಡಿ ಕೀಬೋರ್ಡ್. ಮನೆಯಲ್ಲೇ ಸಂಗೀತ ಸಂಯೋಜಿಸುವವರ ಬಳಿ ಸಾಮಾನ್ಯವಾಗಿ ಇರುವುದಿಷ್ಟು. ಇವುಗಳ ಪಕ್ಕಕ್ಕೆ ಪುಟ್ಟದೊಂದು ಅನಲಾಗ್ ಸಿಂಥಸೈಜರ್ ಬೇಕೇ? ಸಾವಿರಾರು ರೂಪಾಯಿ ತೆರುವ ಮುನ್ನ ಅದರ ಗುಣ, ಮಿತಿಗಳನ್ನು ಅರಿಯುವುದು ಒಳಿತು.

ಏನಿದು ಅನಲಾಗ್?

ಸಾಫ್ಟ್‌ವೇರ್ ಅಂಕಿಗಳ ಲೆಕ್ಕಾಚಾರದಿಂದ ಧ್ವನಿ ರೂಪಿಸುತ್ತದೆ. ಅನಲಾಗ್ ಉಪಕರಣದಲ್ಲಿ ಆ ಕೆಲಸ ವಿದ್ಯುನ್ಮಂಡಲದ್ದು. ಆಸಿಲೇಟರ್ ನಾದ ಹುಟ್ಟಿಸುತ್ತದೆ, ಫಿಲ್ಟರ್ ಅದನ್ನು ಸೋಸುತ್ತದೆ. ನಾಬ್ ತಿರುಗಿಸಿದೊಡನೆ ಬದಲಾವಣೆ ಕಿವಿಗೆ ಬೀಳುತ್ತದೆ. ಆದರೆ ಹಾಡಿನ ಹತ್ತಾರು ಧ್ವನಿಗಳ ನಡುವೆ ಅನಲಾಗ್ ಯಾವುದು, ಸಾಫ್ಟ್‌ವೇರ್ ಯಾವುದು ಎಂದು ಗುರುತಿಸುವುದು ಬಲ್ಲವರಿಗೂ ಸುಲಭವಲ್ಲ. ಹಾಗಾಗಿ ನಿಜವಾದ ಲಾಭವಿರುವುದು ಧ್ವನಿಗಿಂತ ಹೆಚ್ಚಾಗಿ ಕೈಯಳತೆಯ ನಿಯಂತ್ರಣದಲ್ಲಿ.

ಹೊಣೆ ಯಾವುದು?

ಮುಂಬಯಿಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಅಳವಡಿಸಿ ಆಲ್ಬಂ ಹೊರತಂದರು. ಅದರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಅನಲಾಗ್ ಯಂತ್ರಗಳಿದ್ದವು. ರಾಗಕ್ಕೆ ಜ್ಯೂಪಿಟರ್-8, ತಾಳಕ್ಕೆ ಟಿಆರ್-808, ಬೇಸ್‌ಗೆ ಪುಟ್ಟ ಟಿಬಿ-303. ಒಮ್ಮೆಗೆ ಒಂದೇ ಸ್ವರ ನುಡಿಸುವ ಟಿಬಿ-303 ಅಲ್ಲಿ ಸಾಕಾಗಿತ್ತು. ಏಕೆಂದರೆ ಅದಕ್ಕೆ ವಹಿಸಿದ್ದು ಒಂದೇ ಕೆಲಸ.

ಇಂದಿನ ಖರೀದಿದಾರರಿಗೂ ಇದೇ ಅಳತೆಗೋಲು. ಕೊರ್ಗ್‌ನ ವೋಲ್ಕಾ ಕೀಸ್ (2013) ಒಮ್ಮೆಗೆ 3 ಸ್ವರ ನುಡಿಸುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಆದರೆ ಅದರಲ್ಲಿರುವುದು ಸ್ಪರ್ಶಪಟ್ಟಿಯೇ ಹೊರತು ಒತ್ತುವ ಕೀಗಳಲ್ಲ. ಆರ್ಟುರಿಯಾದ ಮೈಕ್ರೊಬ್ರೂಟ್‌ಗೆ (2013) 25 ಕೀಗಳಿವೆ, ಸ್ವರ ಒಂದೇ. ರೂಪಿಸಿದ ಧ್ವನಿಯನ್ನು ಅದು ನೆನಪಿಡದು. ಆಗಲೇ ರೆಕಾರ್ಡ್ ಮಾಡಿಕೊಳ್ಳಬೇಕು. ಕೊರ್ಗ್‌ನ ಮೊನೊಲಾಗ್ (2017) ಕೂಡ ಏಕಸ್ವರದ್ದೇ. ಆದರೆ 100 ಧ್ವನಿಗಳಿಗೆ ಅದರಲ್ಲಿ ಜಾಗವಿದೆ, ಸ್ವರಸ್ಥಾನಗಳನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯವೂ ಇದೆ. ರಾಗಕ್ಕೆ ತಕ್ಕ ಶ್ರುತಿ ಬಯಸುವವರಿಗೆ ಇದು ಉಪಯುಕ್ತ.

ಕಾಣದ ಖರ್ಚು

ಅಗ್ಗದ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ಇನ್‌ಪುಟ್ ಇರುತ್ತವೆ. ಮೈಕ್ ಮತ್ತು ಗಿಟಾರ್ ಅವನ್ನು ಆಗಲೇ ಆಕ್ರಮಿಸಿದ್ದರೆ ಹೊಸ ಇಂಟರ್‌ಫೇಸ್ ಅಥವಾ ಮಿಕ್ಸರ್ ಬೇಕಾಗುತ್ತದೆ. ಕೇಬಲ್, ಅಡಾಪ್ಟರ್‌ಗಳ ವೆಚ್ಚ ಬೇರೆ.

ನಿರ್ಧಾರಕ್ಕೆ ಮುನ್ನ ಸರಳ ಪರೀಕ್ಷೆಯೊಂದಿದೆ. ಈಗಿರುವ ಸಾಫ್ಟ್‌ವೇರ್ ಸಿಂಥಸೈಜರ್ ಅನ್ನು ಏಕಸ್ವರಕ್ಕೆ ಹೊಂದಿಸಿ, ಸಿದ್ಧ ಧ್ವನಿಗಳನ್ನು ಮುಟ್ಟದೆ ಒಂದು ತಿಂಗಳು ಬೇಸ್ ಹಾಗೂ ಮುಖ್ಯ ಸ್ವರಮಾಲೆಗಳನ್ನು ರಚಿಸಬೇಕು. ಆಗ ಮೌಸ್ ಅಡ್ಡಿಯೆನಿಸಿ ಕೈ ನಾಬ್‌ಗಾಗಿ ತವಕಿಸಿದರೆ ಖರೀದಿ ಸಾರ್ಥಕ. ಹಲವು ಸ್ವರಗಳ ಮೇಳವೇ ಬೇಕೆನಿಸಿದರೆ ಏಕಸ್ವರದ ಯಂತ್ರ ಆ ಕೊರತೆ ನೀಗಿಸದು. ಹಣ ಉಳಿಸುವುದೇ ಲೇಸು.