‘ನಿಲ್ಲು’ ಅಂದಾಗ ನಿಲ್ಲೋದು: ರನ್‌ವೇ ಮ್ಯಾಲಿನ ಒಂದು ಮಾತಿನ ಬೆಲೆ

ಕಬ್ಬಿನ ಹಂಗಾಮಿನಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೈಕ್ ಓಡಿಸಿದವರಿಗೆ ಇದು ಗೊತ್ತು. ಸಣ್ಣ ಸೇತುವೆ, ಎದುರಿಗೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್. ಒಬ್ಬರು ನಿಂತರಷ್ಟೇ ಇನ್ನೊಬ್ಬರು ದಾಟಬಹುದು. ಕೈಸನ್ನೆ ತಪ್ಪು ತಿಳ್ಕೊಂಡ್ರ ಇಬ್ಬರೂ ನಡುಸೇತುವೆಗೆ!

ರನ್‌ವೇ ಕೂಡ ಹಂಗೇ. ಅನುಮತಿ ಇಲ್ಲದೆ, ತಪ್ಪಾಗಿ ಒಂದು ವಿಮಾನ, ವಾಹನ ಅಥವಾ ಮನುಷ್ಯ ಅದರೊಳಗೆ ಬಂದರೆ ಅದನ್ನು ‘ರನ್‌ವೇ ಇನ್‌ಕರ್ಷನ್’ ಅಂತಾರೆ.

1977ರ ಮಾರ್ಚ್ 27. ಸ್ಪೇನಿನ ಟೆನೆರಿಫ್ ದ್ವೀಪ, ದಟ್ಟ ಮಂಜು. ಒಂದು ಜಂಬೋ ಜೆಟ್ ಇನ್ನೂ ರನ್‌ವೇ ಮೇಲೇ ಇತ್ತು. ಇನ್ನೊಂದು, ಟೇಕಾಫ್ ಅನುಮತಿ ಸಿಗದೇ ಓಡಲು ಶುರು ಮಾಡಿತು. ರೇಡಿಯೊದಲ್ಲಿ ಇಬ್ಬರು ಒಟ್ಟಿಗೇ ಮಾತಾಡಿದ್ದರಿಂದ ಮುಖ್ಯವಾದ ಮಾತೇ ಸರಿಯಾಗಿ ಕೇಳಲಿಲ್ಲ. 583 ಜನ ಸತ್ತರು.

ನಮ್ಮ ಬೆಂಗಳೂರಿನಾಗೂ ಎದೆ ಝಲ್ಲೆನಿಸೋ ಘಟನೆ ನಡೆದಿತ್ತು ನೋಡ್ರಿ. ಅದು ರನ್‌ವೇ ಇನ್‌ಕರ್ಷನ್ ಅಲ್ಲ, ಆದರೆ ಕಾರಣ ಅದೇ: ಮಾತು ತಲುಪದೇ ಹೋಗಿದ್ದು. 2022ರ ಜನವರಿಯ ಒಂದು ಬೆಳಿಗ್ಗೆ ಎರಡೂ ರನ್‌ವೇ ಬಳಕೆಯಲ್ಲಿದ್ದವು. ಒಂದನ್ನೇ ಬಳಸೋಣ ಅಂತ ನಿರ್ಧಾರವಾಯಿತು. ಆದರೆ ಅದು ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ತಿಳಿಯಲಿಲ್ಲ. ಕೋಲ್ಕತ್ತಾ, ಭುವನೇಶ್ವರಕ್ಕೆ ಹೊರಟಿದ್ದ ಎರಡು ಇಂಡಿಗೊ ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರಿ, ಒಂದರತ್ತ ಒಂದು ಹೊರಳಿದವು. ರಾಡಾರ್ ನೋಡುತ್ತಿದ್ದ ಕಂಟ್ರೋಲರ್ ಗಮನಿಸಿ ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟರು. 400ಕ್ಕೂ ಹೆಚ್ಚು ಜೀವ ಉಳೀತು.

ಹಂಗಾದ್ರ ತಡೆಯೋದು ಹೆಂಗ? ಮೊದಲನೇದು, ಮಾತಿನ ಶಿಸ್ತು. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು, ಅದು ಸರಿ ಐತೋ ಇಲ್ಲೋ ಅಂತ ಕಂಟ್ರೋಲರ್ ಕೇಳಿಸಿಕೊಳ್ಳಬೇಕು. ಟೆನೆರಿಫ್ ಆದ ಮೇಲೆ ‘ಟೇಕಾಫ್’ ಅನ್ನೋ ಪದವನ್ನು ಹಾರೋಕೆ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸೋ ರೂಢಿ ಬಂತು. ಎರಡನೇದು, ನೆಲದ ಗುರುತು: ಹಳದಿ ಗೆರೆ, ಕೆಂಪು ಫಲಕ, ದೊಡ್ಡ ನಿಲ್ದಾಣಗಳಲ್ಲಿ ಕೆಂಪು ‘ಸ್ಟಾಪ್ ಬಾರ್’ ದೀಪ. ಮೂರನೇದು, ನೆಲದ ಮೇಲಿನ ಓಡಾಟ ತೋರಿಸೋ ರಾಡಾರ್.

ಯಾಕೆ ಇಷ್ಟೊಂದು ಕಟ್ಟು? ಒಂದು ಕೈಕೊಟ್ಟರೆ ಇನ್ನೊಂದು ಹಿಡೀಬೇಕು, ಅದಕ್ಕೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಲ್ಯಾಂಡ್ ಆಗುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇ ಮೇಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಆ ಚಿಕ್ಕ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ದೊಡ್ಡ ವಿಮಾನಕ್ಕೆ ಬೆಂಕಿ ಹತ್ತಿದರೂ ಸಿಬ್ಬಂದಿಯ ಮಾತು ಕೇಳಿದ 379 ಜನರೂ ಹೊರಬಂದರು.

ಮುಂದಿನ ಸಲ ಬೆಳಗಾವಿಯ ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ಹಾರುವಾಗ, ರನ್‌ವೇ ಮುಂದೆ ವಿಮಾನ ಸುಮ್ಮನೆ ನಿಂತರೆ ‘ಯಾಕ ಲೇಟು?’ ಅಂತ ಗೊಣಗಬ್ಯಾಡ್ರಿ. ಅಲ್ಲಿ ಯಾರೋ ನಿಮಗಾಗಿ ಒಂದು ಮಾತನ್ನು ಎರಡು ಸಲ ಖಾತ್ರಿ ಮಾಡ್ಕೊಳ್ತಿರ್ತಾರ.