463 ಕಿಲೋಮೀಟರು, ಆದರೆ ಎಷ್ಟು ಹೊತ್ತು?

ಆಳಂದ ತಾಲೂಕಿನ ಜಿಡಗಾ ನಿಮ್ಮ ಊರು ಎಂದಿಟ್ಟುಕೊಳ್ಳಿ. ಕಾಲೇಜು ಪ್ರವೇಶದ ದಾಖಲೆ ಪರಿಶೀಲನೆಗಾಗಿ ನೀವು ಬೆಂಗಳೂರಿನಲ್ಲಿರಬೇಕು. ಮಧ್ಯಾಹ್ನ ಮೂರಕ್ಕೆ ಕಚೇರಿಯ ಬಾಗಿಲು ಮುಚ್ಚುತ್ತದೆ. ತಡವಾದರೆ ಸೀಟು ಹೋಯಿತು. ಕಲಬುರಗಿಯಿಂದ ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಬೇಕು?

ಮೊದಲು ದೂರ. ಇದನ್ನು ನೀವೇ ಲೆಕ್ಕ ಹಾಕಬಹುದು. ಕಲಬುರಗಿ ವಿಮಾನ ನಿಲ್ದಾಣ ಇರುವುದು 17.31 ಡಿಗ್ರಿ ಉತ್ತರ ಅಕ್ಷಾಂಶ, 76.96 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದೇವನಹಳ್ಳಿಯ ನಿಲ್ದಾಣ 13.20 ಮತ್ತು 77.71ರಲ್ಲಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 107. ಅಂದರೆ ತೆಂಕಣಕ್ಕೆ 456, ಮೂಡಣಕ್ಕೆ 80. ಇನ್ನು ಪೈಥಾಗೊರಸ್ ಪ್ರಮೇಯ ಹಚ್ಚಿರಿ, 463 ಕಿ.ಮೀ. ಬರುತ್ತದೆ. ಭೂಮಿ ಗುಂಡಗಿದ್ದರೂ ಇಷ್ಟು ಸಣ್ಣ ದೂರದಲ್ಲಿ ವ್ಯತ್ಯಾಸ ಗಣನೆಗೆ ಬಾರದು.

ಗಂಟೆಗೆ 800 ಕಿ.ಮೀ. ಹಾರುವ ಜೆಟ್ ವಿಮಾನಕ್ಕೆ ಇದು 35 ನಿಮಿಷದ ದಾರಿ. ಆದರೆ ವೇಳಾಪಟ್ಟಿಯಲ್ಲಿ ಇಂಥ ಪ್ರಯಾಣಕ್ಕೆ ಒಂದು ಗಂಟೆಗೂ ಹೆಚ್ಚು ಬರೆದಿರುತ್ತಾರೆ. ಏಕೆ?

ಗಾಳಿಯಿಂದಲ್ಲ. ಎತ್ತರದ ಗಾಳಿ ಹೆಚ್ಚಾಗಿ ಪೂರ್ವ-ಪಶ್ಚಿಮವಾಗಿ ಬೀಸುತ್ತದೆ, ನಮ್ಮ ದಾರಿ ಉತ್ತರ-ದಕ್ಷಿಣ. ಭೀಮಾ ನದಿ ದಾಟುವ ಅಂಬಿಗ ದೋಣಿಯ ಮೂತಿಯನ್ನು ಸ್ವಲ್ಪ ಪ್ರವಾಹದ ಕಡೆಗೆ ತಿರುಗಿಸಿ ಹುಟ್ಟು ಹಾಕುತ್ತಾನಲ್ಲ, ಪೈಲಟ್ ಮಾಡುವುದೂ ಅದನ್ನೇ. ಹೊತ್ತು ಹಿಡಿಯುವುದು ಏರುವುದಕ್ಕೆ, ಇಳಿಯುವುದಕ್ಕೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಎಂದರೆ ಗಂಟೆಗೆ ಸುಮಾರು 463 ಕಿ.ಮೀ. ಮೀರುವಂತಿಲ್ಲ. (ಅದೇ ಸಂಖ್ಯೆ ಮತ್ತೆ ಬಂದದ್ದು ಬರೀ ಕಾಕತಾಳೀಯ!) ಮೂವತ್ತು ಸಾವಿರ ಅಡಿಯಿಂದ ಇಳಿಯಲು ಸುಮಾರು 165 ಕಿ.ಮೀ. ಮುಂಚೆಯೇ ಆರಂಭಿಸಬೇಕು. ಏರಲೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಪೂರ್ತಿ ವೇಗದ ಸಮತಲ ಹಾರಾಟಕ್ಕೆ ಉಳಿಯುವುದು ಸುಮಾರು 150 ಕಿ.ಮೀ., ಅಂದರೆ ಹನ್ನೊಂದು ನಿಮಿಷ. ಆ ಹಂತದ ವೇಗ ದುಪ್ಪಟ್ಟಾದರೂ ಆರು ನಿಮಿಷ ಉಳಿಯುವುದಿಲ್ಲ! ಇದರ ಜೊತೆಗೆ ವೇಳಾಪಟ್ಟಿಯ ಲೆಕ್ಕ ಆರಂಭವಾಗುವುದು ವಿಮಾನ ನೆಲದ ಮೇಲೆ ನಿಂತ ಜಾಗ ಬಿಟ್ಟಾಗ, ಮುಗಿಯುವುದು ಅದು ಮತ್ತೆ ನಿಂತಾಗ.

ಈಗ ಮನೆಯಿಂದ ಲೆಕ್ಕ ಹಿಡಿಯಿರಿ. ಕಲಬುರಗಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ವಿಮಾನ ನಿಲ್ದಾಣ ಇರುವುದು ಊರಿನ ಆಚೆ ಬದಿಗೆ, ಶ್ರೀನಿವಾಸ ಸರಡಗಿಯ ಬಳಿ, ಮುಕ್ಕಾಲು ಗಂಟೆ. ತಪಾಸಣೆಗೆ, ಕಾಯುವುದಕ್ಕೆ ಒಂದೂವರೆ. ಹಾರಾಟ ಒಂದು ಗಂಟೆ ಹತ್ತು ನಿಮಿಷ. ದೇವನಹಳ್ಳಿಯಲ್ಲಿ ಹೊರಬರಲು ಅರ್ಧ, ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದೂವರೆ. ಒಟ್ಟು ಸುಮಾರು ಏಳು ಗಂಟೆ! 2024ರ ಮಾರ್ಚ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ರಾಯಚೂರು, ಗುಂತಕಲ್, ಅನಂತಪುರದ ಮೇಲೆ ಬಳಸಿ ಬಂದರೂ ಒಂಬತ್ತು ಗಂಟೆಯೊಳಗೆ ಬೆಂಗಳೂರು ಮುಟ್ಟುತ್ತದೆ. ಮನೆಯಿಂದ ಎಣಿಸಿದರೆ ಹನ್ನೊಂದು ಗಂಟೆ. ವಿಮಾನದ ವೇಗ ರೈಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಉಳಿದದ್ದು ನಾಲ್ಕು ಗಂಟೆ. ಜಿಡಗಾದಿಂದ ನಸುಕಿನಲ್ಲಿ ಒಂದು ನೇರ ಬಸ್ಸು ಹಾಕಿಸಿದರೆ, ಹೊಸ ವಿಮಾನಕ್ಕಿಂತ ಅದೇ ಹೆಚ್ಚು ಹೊತ್ತು ಉಳಿಸೀತು ಎಂದು ನನಗನಿಸುತ್ತದೆ.

ಮೂರು ಗಂಟೆಯ ಕೆಲಸಕ್ಕೆ ಬೆಳಿಗ್ಗೆ ಎಂಟರೊಳಗೆ ಮನೆ ಬಿಡಬೇಕು, ಅದಕ್ಕೆ ಹೊಂದುವ ವಿಮಾನವೂ ಇರಬೇಕು. ಕಲಬುರಗಿಯಿಂದ ವಿಮಾನ ಸಂಚಾರ ಆರಂಭವಾದದ್ದು 2019ರ ನವೆಂಬರ್ 22ರಂದು. ಆದರೆ ಸಣ್ಣ ನಿಲ್ದಾಣಗಳ ಸೇವೆ ನಿಲ್ಲುವುದು, ಮತ್ತೆ ಶುರುವಾಗುವುದು ಉಂಟು. ಆ ದಿನ ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲವೆಂದಾದರೆ ಹಿಂದಿನ ರಾತ್ರಿಯ ರೈಲಿಗೆ ಟಿಕೆಟು ತೆಗೆಸಿ.