ಘಾಟ್ಕೋಪರ್ ಬಂತು, ಪುಟ ಬರಲಿಲ್ಲ

ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ಪರಿಚಯದ ಹುಡುಗನೊಬ್ಬ ನಮ್ಮ ಸಂಘದ ಜಾಲತಾಣ ತೆರೆಯುತ್ತಿದ್ದ. ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಠಾಣೆ ಬಂತು, ಘಾಟ್ಕೋಪರ್ ಬಂತು, ಪುಟ ಮಾತ್ರ ಬರಲಿಲ್ಲ. "ಅಂಕಲ್, ಇದನ್ನ ನೋಡ್ಕೊಳ್ಳೋದು ನೀವೇ ಅಲ್ವಾ?" ಎಂದ. ಅವನ ಅರ್ಜಿಯನ್ನು ಕಾಗದದ ಮೇಲೆ ಬರೆಸಿಕೊಂಡೆ.

ತಪ್ಪು ನನ್ನದೇ. ಯಕ್ಷಗಾನದ ಫೋಟೊಗಳನ್ನು ಕ್ಯಾಮೆರಾದಿಂದ ಬಂದ ಹಾಗೆಯೇ ಏರಿಸಿದ್ದೆ, ಒಂದೊಂದೂ 6 ಎಂಬಿ! ರಾತ್ರಿ ಕೂತು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಮಾಡಿದೆ. 150 ಕೆಬಿ ಆಸುಪಾಸಿಗೆ ಬಂದವು. ಕೆಳಗಿನ ಚಿತ್ರಗಳು ಓದುಗರು ಅಲ್ಲಿಗೆ ಬಂದಾಗಲೇ ತೆರೆಯುವಂತೆ ಲೇಜಿ ಲೋಡಿಂಗ್ ಹಾಕಿದೆ.

ಇನ್ನೊಂದು ಹೊರೆ, ನುಡಿಯಲ್ಲಿ ಟೈಪಿಸಿ ಚಿತ್ರವಾಗಿ ಅಂಟಿಸಿದ್ದ ಸೂಚನೆಗಳು. ಅವನ್ನೆಲ್ಲ ಯೂನಿಕೋಡ್ ಪಠ್ಯ ಮಾಡುತ್ತಿದ್ದೇನೆ. ಒಂದು ಸೂಚನೆ 5 ಕೆಬಿ ದಾಟುವುದಿಲ್ಲ. ಹುಡುಕಿದರೆ ಗೂಗಲ್‌ನಲ್ಲೂ ಸಿಗುತ್ತದೆ. ಹತ್ತು ವರ್ಷದ ಸೂಚನೆಗಳು ಬಾಕಿ ಇವೆ.